ಎರಡು ಎಂ42 ಲೆನ್ಸ್, ಮೂರು ಫಿಲ್ಮ್ ಕ್ಯಾಮೆರಾ: ಯಾವ ಅಡಾಪ್ಟರ್ ಬೇಕು, ಯಾವುದು ಬೇಡ

ತಿರುಪಿ ಹಾಕುವ ಎಂ42 ಲೆನ್ಸುಗಳು ಇವತ್ತಿಗೂ ಕಡಿಮೆ ದುಡ್ಡಿಗೆ ಸಿಗುತ್ತವೆ. ಅವನ್ನು ಬೇರೆ ಮೌಂಟಿನ, ಅಂದರೆ ಲೆನ್ಸ್ ಕೂರುವ ಬಾಯಿ ಬೇರೆ ಥರ ಇರುವ, ಕ್ಯಾಮೆರಾಗೆ ಕೂರಿಸೋಕೆ ಅಡಾಪ್ಟರ್ ಅನ್ನುವ ಒಂದು ಸಣ್ಣ ರಿಂಗ್ ಸಾಕು. ಆದರೆ ಕೂರೋದು ಬೇರೆ, ಸರಿಯಾಗಿ ಫೋಕಸ್ ಆಗೋದು ಬೇರೆ. ನನ್ನ ಹತ್ತಿರ ಇರೋದು ರಷ್ಯಾದ ಹೆಲಿಯೋಸ್ 44-2, 58 ಮಿ.ಮೀ., ಎಫ್/2. ಜೊತೆಗೆ ಪೂರ್ವ ಜರ್ಮನಿಯ ಪೆಂಟಕಾನ್ 50 ಮಿ.ಮೀ., ಎಫ್/1.8. ಎರಡನ್ನೂ ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2, ಕ್ಯಾನನ್ ಇಒಎಸ್ 300 ಮೇಲೆ ಬೇರೆ ಬೇರೆ ರಿಂಗ್ ಹಾಕಿ ನೋಡಿದೆ. ಮೂರೂ ಫಿಲ್ಮ್ ಕ್ಯಾಮೆರಾಗಳೇ.

ಮೊದಲು ಲೆಕ್ಕ. ಲೆನ್ಸ್ ಕೂರುವ ಲೋಹದ ಮುಖದಿಂದ ಫಿಲ್ಮಿನವರೆಗಿನ ದೂರ ಪ್ರತಿ ಮೌಂಟಿಗೂ ಬೇರೆ. ಎಂ42ಗೆ ಅದು 45.46 ಮಿ.ಮೀ. ಪೆಂಟಾಕ್ಸ್ ಕೆ ಮೌಂಟಿಗೂ ಅಷ್ಟೇ. 1975ರಲ್ಲಿ ತಿರುಪು ಬಿಟ್ಟು, ಸ್ವಲ್ಪ ತಿರುಗಿಸಿದರೆ ಕೂರುವ ಬಯೊನೆಟ್‌ಗೆ ಬಂದಾಗ ಪೆಂಟಾಕ್ಸ್‌ನವರು ಹಳೇ ಗಿರಾಕಿಗಳನ್ನು ಕೈಬಿಡಬಾರದು ಅಂತ ದೂರವನ್ನು ಹಾಗೇ ಉಳಿಸಿಕೊಂಡರು. ಇಒಎಸ್ ಕ್ಯಾಮೆರಾಗಳ ಕ್ಯಾನನ್ ಇಎಫ್ ಮೌಂಟಿಗೆ 44 ಮಿ.ಮೀ. ನಿಕಾನಿನ ಎಫ್ ಮೌಂಟಿಗೆ 46.5. ಅಂದರೆ ಕ್ಯಾನನ್ ಮೇಲೆ ರಿಂಗಿಗೆ 1.46 ಮಿ.ಮೀ. ಜಾಗ ಇದೆ. ಪೆಂಟಾಕ್ಸ್ ಮೇಲೆ ಒಂದಿಷ್ಟೂ ಇಲ್ಲ. ನಿಕಾನ್ ಮೇಲೆ ರಿಂಗ್ ಹಾಕುವ ಮೊದಲೇ 1.04 ಮಿ.ಮೀ. ಸಾಲ. ಮಿರರ್‌ಲೆಸ್ ಡಿಜಿಟಲ್ ಇಟ್ಟುಕೊಂಡವರಿಗೆ ಈ ತಲೆನೋವೇ ಇಲ್ಲ ಬಿಡಿ. ಸೋನಿ ಇ ಮೌಂಟಿನ ದೂರ ಬರೀ 18 ಮಿ.ಮೀ., ಉದ್ದದ ಕೊಳವೆ ಹಾಕಿದರೆ ಮುಗೀತು.

ಒಂದು ಮಿ.ಮೀ. ಅಂದರೆ ಏನು ಮಹಾ ಅನ್ನಿಸುತ್ತೆ, ಅಲ್ವಾ? ಲೆನ್ಸಿನ ಫೋಕಲ್ ಲೆಂಗ್ತನ್ನು ಅದರಿಂದಲೇ ಗುಣಿಸಿ, ಹೆಚ್ಚಾದ ದಪ್ಪದಿಂದ ಭಾಗಿಸಿ. 58 ಗುಣಿಸು 58 ಅಂದರೆ 3364. ಒಂದು ಮಿ.ಮೀ. ಹೆಚ್ಚಾದರೆ ಸುಮಾರು 3.4 ಮೀಟರ್. ಅದರಾಚೆ ಇರೋದೆಲ್ಲ ಮಸುಕು. ಮುಂದಿನ ಮಾತೆಲ್ಲ ಈ ಲೆಕ್ಕದ ಮೇಲೇ ನಿಂತಿದೆ.

ಪೆಂಟಾಕ್ಸ್‌ಗೆ ಎರಡು ಥರದ ರಿಂಗ್ ಸಿಗುತ್ತವೆ. ಪೆಂಟಾಕ್ಸ್ ಕಂಪನಿಯ ರಿಂಗ್ ಕ್ಯಾಮೆರಾದ ಮೌಂಟಿನ ಒಳಗೆ ಇಳಿದು ಕೂರುತ್ತದೆ. ಹೊರಗೆ ಏನೂ ಚಾಚಿಕೊಳ್ಳುವುದಿಲ್ಲ. ಲೆನ್ಸಿನ ಲೋಹ ನೇರವಾಗಿ ಕ್ಯಾಮೆರಾದ ಲೋಹಕ್ಕೇ ಒತ್ತಿ ನಿಲ್ಲುತ್ತದೆ. ಇಲ್ಲಿ ರಿಂಗಿನ ದಪ್ಪದ ಪ್ರಶ್ನೆಯೇ ಏಳೋದಿಲ್ಲ, ದೂರದ ಫೋಕಸ್ ಪಕ್ಕಾ. ಅದೇ ನಮೂನೆಯ ಅಗ್ಗದ ನಕಲುಗಳೂ ಇವೆ, ಕೆಲಸ ಮಾಡುತ್ತವೆ. ಇನ್ನೊಂದು ಥರದ್ದಕ್ಕೆ ಹೊರಗಡೆ ಸುಮಾರು ಒಂದು ಮಿ.ಮೀ. ದಪ್ಪದ ಅಂಚು ಇರುತ್ತದೆ. ಹಾಕೋದು, ತೆಗೆಯೋದು ಬಹಳ ಸಲೀಸು. ಆದರೆ ಮೇಲಿನ ಲೆಕ್ಕ ನೆನಪಿದೆಯಲ್ಲ, ಮೂರೂವರೆ ಮೀಟರಿಗೆ ಆಟ ಬಂದ್. ಮುಖದ ಫೋಟೋ, ಹೂವಿನ ಫೋಟೋ ಮಾತ್ರ ತೆಗೆಯುವವರಿಗೆ ಓಕೆ. ನನಗೆ ಬೇಡ.

ಒಳಗೆ ಕೂರುವ ರಿಂಗಿನ ತೊಂದರೆ ಅದನ್ನು ಬಿಚ್ಚುವಾಗ ಗೊತ್ತಾಗುತ್ತದೆ. ಲೆನ್ಸ್ ತಿರುಪಿ ತೆಗೆದರೆ ರಿಂಗ್ ಕ್ಯಾಮೆರಾದಲ್ಲೇ ಉಳಿಯುತ್ತದೆ. ಅದರ ಅಂಚಿನಲ್ಲಿ ಒಂದು ಸಣ್ಣ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅದನ್ನು ಉಗುರಿನಲ್ಲೋ ಬಾಲ್ ಪೆನ್ನಿನ ತುದಿಯಲ್ಲೋ ಒಳಕ್ಕೆ ಒತ್ತಿ ಹಿಡಿದು, ರಿಂಗನ್ನು ತಿರುಗಿಸಬೇಕು. ಕೈ ಜಾರಿದರೆ ಕೆಳಗೇ ಕನ್ನಡಿ. ಹಾಗಾಗಿ ಮದುವೆ ಮನೆಯಲ್ಲಿ ನಿಂತು ಲೆನ್ಸ್ ಬದಲಿಸುವ ಆಸೆ ಬಿಡಿ. ಒಂದು ರೋಲ್ ಪೂರ್ತಿ ಎಂ42, ಇಲ್ಲ ಅಂದರೆ ಪೂರ್ತಿ ಕೆ. ನಾನು ಹಾಗೇ ಮಾಡೋದು.

ಕೆ1000 ಮೇಲೆ ಹೆಲಿಯೋಸ್ ಬಳಸೋದು ಒಂದು ಮಜಾ. ಈ ಲೆನ್ಸಿಗೆ ಅಪರ್ಚರ್ (ಬೆಳಕು ಒಳಬಿಡುವ ತೂತು) ಹೊಂದಿಸುವ ರಿಂಗ್ ಎರಡು. ಎಫ್ ಅಂಕಿ ದೊಡ್ಡದಾದಷ್ಟೂ ತೂತು ಚಿಕ್ಕದು. ಒಂದರಲ್ಲಿ ಟಕ್ ಟಕ್ ಅಂತ ಎಫ್/8 ಗೊತ್ತು ಮಾಡಿ ಇಡೋದು. ಇನ್ನೊಂದು ಸದ್ದಿಲ್ಲದೆ ಜಾರುತ್ತದೆ. ಅದನ್ನು ಪೂರ್ತಿ ತೆರೆದು, ಬೆಳಕಿರುವ ವ್ಯೂಫೈಂಡರಿನಲ್ಲಿ ಫೋಕಸ್ ಮಾಡೋದು. ಆಮೇಲೆ ಕಣ್ಣು ತೆಗೆಯದೆ ತಡೆಯುವವರೆಗೂ ತಿರುಗಿಸಿದರೆ ಎಫ್/8ಕ್ಕೆ ಬಂದು ನಿಲ್ಲುತ್ತದೆ. ಬೆಳಕು ಅಳೆಯುವ ಮೀಟರಿನ ಮುಳ್ಳು ನಡುವೆ ಬರುವ ಹಾಗೆ ಶಟರ್ ಸ್ಪೀಡ್ ಹೊಂದಿಸಿ, ಒತ್ತೋದು. ಪೆಂಟಕಾನ್ ಕತೆ ಬೇರೆ. ಅದು ಆಟೋ ಲೆನ್ಸ್. ಹಿಂದಿರುವ ಸಣ್ಣ ಪಿನ್ನನ್ನು ಯಾರಾದರೂ ಒಳಕ್ಕೆ ತಳ್ಳಿದರೆ ಮಾತ್ರ ಅಪರ್ಚರ್ ಮುಚ್ಚುತ್ತದೆ. ಅಂಚಿಲ್ಲದ ರಿಂಗಿನಲ್ಲಿ ಆ ಪಿನ್ ತಳ್ಳೋಕೆ ಏನೂ ಇಲ್ಲ. ನನ್ನ ಪೆಂಟಕಾನಿನಲ್ಲಿ ಆಟೋ–ಮ್ಯಾನುಯಲ್ ಸ್ವಿಚ್ ಕೂಡ ಇಲ್ಲ. ನೀವು ಎಷ್ಟಕ್ಕೇ ತಿರುಗಿಸಿ, ಅದು 1.8ರಲ್ಲೇ ಬಾಯಿ ತೆರೆದುಕೊಂಡಿರುತ್ತದೆ. ಕೆ1000ರಲ್ಲಿ ಅತಿ ವೇಗದ ಶಟರ್ ಅಂದರೆ 1/1000. ಬಿಸಿಲಿನಲ್ಲಿ 400ರ ಫಿಲ್ಮ್ ಹಾಕಿದ್ದರೆ ಬೆಳಕು ಅತಿಯಾಗಿ ಮುಗೀತು ಕತೆ.

ನಿಕಾನ್ ಬಗ್ಗೆ ಹೆಚ್ಚು ಹೇಳೋಕಿಲ್ಲ. ಗಾಜಿಲ್ಲದ ರಿಂಗ್ ಹಾಕಿದರೆ ಹೆಲಿಯೋಸ್ ಫೋಕಸ್ ಆಗೋದು ತೀರಾ ಒಳ್ಳೇ ಲೆಕ್ಕದಲ್ಲೂ 3.2 ಮೀಟರಿನೊಳಗೆ, ರಿಂಗಿನ ಅಂಚೂ ಸೇರಿದರೆ ಇನ್ನೂ ಹತ್ತಿರ. ಒಳಗೆ ಸಣ್ಣ ಲೆನ್ಸ್ ಗಾಜಿರುವ ರಿಂಗ್ ಹಾಕಿದರೆ ದೂರದ ಫೋಕಸ್ ಸಿಗುತ್ತದೆ. ಆದರೆ ಆ ಗಾಜು ಚಿತ್ರವನ್ನು ಸ್ವಲ್ಪ ಹಿಗ್ಗಿಸುತ್ತದೆ, ಬೆಳಕು ಸ್ವಲ್ಪ ತಿನ್ನುತ್ತದೆ. ಎಫ್/2ರಲ್ಲಿ ಅಂಚುಗಳಂತೂ ಮಂಜು ಮಂಜು. ಎದುರು ಬಿಸಿಲಿದ್ದರೆ ಇಡೀ ಫ್ರೇಮ್ ಬಿಳಿಚಿಕೊಳ್ಳುತ್ತದೆ. ಎಫ್/8ಕ್ಕೆ ಇಳಿಸಿದರೆ ಪರವಾಗಿಲ್ಲ, ಆದರೆ ಎಫ್/8ರಲ್ಲಿ ತೆಗೆಯೋಕೆ ಹೆಲಿಯೋಸ್ ಯಾಕೆ ಬೇಕು? ನಿಕಾನ್ ಇದ್ದವರು ನಿಕಾನಿನದೇ 50 ಎಂ.ಎಂ. ಕೊಳ್ಳಲಿ.

ಕ್ಯಾನನ್ ಇಒಎಸ್ ಬಗ್ಗೆ ಹಳೇ ಕ್ಯಾಮೆರಾ ಪ್ರಿಯರಿಗೆ ಅಷ್ಟು ಪ್ರೀತಿ ಇಲ್ಲ. ಪ್ಲಾಸ್ಟಿಕ್ ಬಾಡಿ, ಮೋಟಾರಿನ ಸದ್ದು. ಆದರೆ ಅಡಾಪ್ಟರ್ ವಿಷಯದಲ್ಲಿ ಇದೇ ಸರದಾರ. ರಿಂಗ್ ಲೆನ್ಸಿಗೇ ಅಂಟಿಕೊಂಡಿರುತ್ತದೆ, ಮಾಮೂಲಿ ಲೆನ್ಸಿನ ಹಾಗೆ ಕಟಕ್ ಅಂತ ಹಾಕಿ ತೆಗೆಯಬಹುದು. ಒಳಗೆ ಪಿನ್ ಒತ್ತುವ ಅಂಚಿರುವ ರಿಂಗ್ ಕೇಳಿ ಪಡೆದರೆ ಪೆಂಟಕಾನ್ ಕೂಡ ಹೇಳಿದ ಮಾತು ಕೇಳುತ್ತದೆ. ಕ್ಯಾಮೆರಾ ಜೊತೆ ಮಾತಾಡುವ ಎಲೆಕ್ಟ್ರಾನಿಕ್ ಚಿಪ್ ಇಲ್ಲದ ರಿಂಗ್ ಹಾಕಿದಾಗ ಪರದೆಯಲ್ಲಿ ಅಪರ್ಚರ್ ಜಾಗದಲ್ಲಿ 00 ಅಂತ ಬರುತ್ತದೆ, ಗಾಬರಿ ಬೇಡ. ಎವಿ ಮೋಡಿನಲ್ಲಿ ಕ್ಯಾಮೆರಾ ತಾನೇ ಶಟರ್ ಸ್ಪೀಡ್ ಆರಿಸಿಕೊಳ್ಳುತ್ತದೆ. ಕೊರತೆ ಇರೋದು ವ್ಯೂಫೈಂಡರಿನಲ್ಲಿ. ಚಿಕ್ಕದು, ಮಬ್ಬು, ನಡುವೆ ಒಡೆದು ಕಾಣುವ ಸ್ಪ್ಲಿಟ್ ಇಮೇಜ್ ಇಲ್ಲ. ಅದಕ್ಕೇ ಫೋಕಸ್ ಸರಿಯಾದಾಗ ಪೀಪ್ ಅನ್ನುವ ಚಿಪ್ ರಿಂಗುಗಳನ್ನು ಮಾರುತ್ತಾರೆ. ನನ್ನದು ಎಫ್/2ರಲ್ಲಿ ಕಿವಿಗೆ ಫೋಕಸ್ ಆದಾಗ ಕಣ್ಣಿಗೆ ಆಯಿತು ಅನ್ನುತ್ತಿತ್ತು. ನನ್ನ ಕಣ್ಣೇ ವಾಸಿ. ಇನ್ನೊಂದು ಎಚ್ಚರ: ಕೆಲವು 50 ಮಿ.ಮೀ. ಲೆನ್ಸುಗಳು ಇನ್ಫಿನಿಟಿಗೆ (ಅತಿ ದೂರದ ಫೋಕಸಿಗೆ) ತಿರುಗಿಸಿದಾಗ ಹಿಂದಕ್ಕೆ ಚಾಚಿ ಕನ್ನಡಿಗೆ ತಾಗುತ್ತವೆ. ಮೊದಲ ಸಲ ಲೆನ್ಸನ್ನು ಹತ್ತಿರದ ಫೋಕಸಿನಲ್ಲಿಟ್ಟು, ಪ್ರತಿ ಕ್ಲಿಕ್ಕಿಗೂ ಸ್ವಲ್ಪ ಸ್ವಲ್ಪವೇ ಇನ್ಫಿನಿಟಿ ಕಡೆ ತಿರುಗಿಸುತ್ತಾ ಬನ್ನಿ.

ಈಗ ಪರೀಕ್ಷೆ. ಫಿಲ್ಮಿನ ಬೆಲೆ ನೋಡಿದರೆ ಸುಮ್ನೆ ಒಂದು ರೋಲ್ ಸುಟ್ಟು ನೋಡೋಣ ಅನ್ನುವ ಕಾಲ ಅಲ್ಲ ಇದು. ಫಿಲ್ಮ್ ಇಲ್ಲದೆ ಹಿಂದಿನ ಬಾಗಿಲು ತೆರೆಯಿರಿ. ಶಟರ್ ಕಿಂಡಿಯ ಮೇಲೂ ಕೆಳಗೂ ಎರಡೆರಡು ಹಳಿಗಳಿರುತ್ತವೆ. ಒಳಗಿನ ಜೋಡಿಯ ಮೇಲೆ ಫಿಲ್ಮ್ ಹಾಯುತ್ತದೆ. ಅದರ ಮೇಲೆ ಹಳೇ ಕ್ಯಾಮೆರಾದಿಂದ ಬಿಚ್ಚಿದ ಫೋಕಸಿಂಗ್ ಸ್ಕ್ರೀನಿನ ತುಂಡನ್ನೋ, ಉಜ್ಜಿ ಮಬ್ಬು ಮಾಡಿದ ಗಾಜನ್ನೋ, ಮಬ್ಬು ಮುಖ ಲೆನ್ಸಿನ ಕಡೆ ಬರುವಂತೆ ಇಡಿ. ಮಬ್ಬಾದ ಸೆಲ್ಲೋ ಟೇಪ್ ಬಿಗಿಯಾಗಿ ಎಳೆದು ಅಂಟಿಸಿದರೂ ಕೆಲಸ ನಡೆಯುತ್ತದೆ, ಆದರೆ ಅದು ನಡುವೆ ಜೋಲುತ್ತದೆ. ಶಟರನ್ನು ಬಿ ಯಲ್ಲಿಟ್ಟು (ಗುಂಡಿ ಒತ್ತಿರುವಷ್ಟು ಹೊತ್ತೂ ತೆರೆದಿರುತ್ತದೆ) ತೆರೆದು ಹಿಡಿಯಿರಿ. ಅಪರ್ಚರ್ ಪೂರ್ತಿ ತೆರೆದಿರಲಿ. ಒಂದೆರಡು ಕಿಲೋಮೀಟರ್ ದೂರದ ಮೊಬೈಲ್ ಟವರನ್ನು ಲೂಪಿನಲ್ಲಿ, ಅಂದರೆ ಸಣ್ಣ ಭೂತಗನ್ನಡಿಯಲ್ಲಿ, ನೋಡಿ.

ಅಡಾಪ್ಟರ್ ಹಾಕುವ ಮೊದಲು ಕ್ಯಾಮೆರಾದ ಸ್ವಂತ ಲೆನ್ಸಿನಲ್ಲೇ ಈ ಪರೀಕ್ಷೆ ಆಗಬೇಕು. ಗಾಜಿನ ಮೇಲೆ ಟವರ್ ಚೂಪಾಗಿ ಕಂಡು ವ್ಯೂಫೈಂಡರಿನಲ್ಲಿ ಮಸುಕಾಗಿದ್ದರೆ, ಕನ್ನಡಿಯ ಓರೆಯೋ ಸ್ಕ್ರೀನಿನ ಜಾಗವೋ ಸರಿದಿದೆ ಅಂತ ಅರ್ಥ. ಆ ತಪ್ಪನ್ನು ರಿಂಗಿನ ತಲೆಗೆ ಕಟ್ಟುವವರೇ ಜಾಸ್ತಿ. ಬಾಡಿ ಸರಿ ಇದ್ದರೆ ಆಮೇಲೆ ರಿಂಗ್, ಲೆನ್ಸ್.

ಮಳೆಗಾಲದಲ್ಲಿ ದೂರದ್ದು ಏನೂ ಕಾಣದಿದ್ದರೆ ಮನೆಯೊಳಗೇ ಇನ್ನೊಂದು ದಾರಿ ಇದೆ. ಹಳಿಯ ಮೇಲಿನ ಮಬ್ಬು ಗಾಜಿನ ಮೇಲೆ ಪೆನ್ನಿನಿಂದ ಸಣ್ಣ ಗೆರೆ ಎಳೆದು, ಹಿಂದಿನಿಂದ ಟಾರ್ಚ್ ಬಿಡಿ. ಮುಂದೆ ಇನ್ನೊಂದು ಕ್ಯಾಮೆರಾವನ್ನು ಲೆನ್ಸಿಗೆ ಲೆನ್ಸ್ ಎದುರಾಗಿ ನಿಲ್ಲಿಸಿ. ಅದರಲ್ಲಿ 135 ಮಿ.ಮೀ. ಅಥವಾ ಅದಕ್ಕೂ ಉದ್ದದ ಲೆನ್ಸ್ ಇರಲಿ, ಮೊದಲೇ ಚಂದ್ರನಿಗೆ ಫೋಕಸ್ ಮಾಡಿ ಟೇಪ್ ಹಚ್ಚಿಟ್ಟಿರಲಿ. ಪರೀಕ್ಷೆಯ ಲೆನ್ಸನ್ನು ಇನ್ಫಿನಿಟಿಗೆ ತಿರುಗಿಸಿದಾಗ ಎರಡನೇ ಕ್ಯಾಮೆರಾದಲ್ಲಿ ಆ ಗೆರೆ ಚೂಪಾಗಿ ಕಾಣಬೇಕು. ರಿಪೇರಿ ಅಂಗಡಿಯ ಕೊಲಿಮೇಟರ್ ಕೂಡ ಮಾಡೋದು ಇದನ್ನೇ.

ಫಲಿತಾಂಶ ಬಂದ ಮೇಲೆ ಏನು ಮಾಡೋದು? ಲೆನ್ಸ್ ಇನ್ಫಿನಿಟಿ ಗುರುತಿಗಿಂತ ಮೊದಲೇ ಚೂಪಾದರೆ ರಿಂಗ್ ಸ್ವಲ್ಪ ತೆಳು. ಎಸ್‌ಎಲ್‌ಆರ್‌ನಲ್ಲಿ (ಈ ಮೂರೂ ಅದೇ ಜಾತಿ) ನಾವು ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುತ್ತೇವೆ, ಹಾಗಾಗಿ ಅದನ್ನು ಹಾಗೇ ಬಿಡಿ. ದೂರದ ಅಂಕಿ ನೋಡಿ ಅಂದಾಜಿನಲ್ಲಿ ಫೋಕಸ್ ಮಾಡುವವರು ಮಾತ್ರ ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ ಶಿಮ್ (ದಪ್ಪ ಹೆಚ್ಚಿಸುವ ತೆಳು ಪದರ) ಹಾಕಿಕೊಳ್ಳಬಹುದು. ಅದು ಸುಮಾರು 0.1 ಮಿ.ಮೀ. ಇರುತ್ತದೆ. ಕೊನೆಯವರೆಗೆ ತಿರುಗಿಸಿದರೂ ಚೂಪಾಗದಿದ್ದರೆ ಎರಡು ಸಾಧ್ಯತೆ. ರಿಂಗ್ ದಪ್ಪ ಇರಬಹುದು. ಕ್ಯಾನನ್ ರಿಂಗನ್ನು ಕ್ಯಾಲಿಪರಿನಲ್ಲಿ ನಾಲ್ಕು ಕಡೆ ಅಳೆಯಿರಿ, 1.46ಕ್ಕಿಂತ ಜಾಸ್ತಿ ಬರಬಾರದು. ನಾಲ್ಕು ಕಡೆಯೂ ಒಂದೇ ಅಳತೆ ಬರದಿದ್ದರೆ ಚಿತ್ರದ ಒಂದು ಪಕ್ಕ ಮೆತ್ತಗಾಗುತ್ತದೆ, ಅಂಥದ್ದನ್ನು ವಾಪಸ್ ಕೊಡಿ. ಇಲ್ಲವೇ, ಲೆನ್ಸನ್ನು ಯಾರೋ ಫಂಗಸ್ ತೆಗೆಯೋಕೆ ಬಿಚ್ಚಿ ತಪ್ಪಾಗಿ ಜೋಡಿಸಿರಬಹುದು. ಹೆಲಿಯೋಸ್ 44-2ರಲ್ಲಿ ಫೋಕಸ್ ರಿಂಗನ್ನು ಮೂರು ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಅವನ್ನು ಸಡಿಲಿಸಿ, ಗಾಜಿನ ಮೇಲೆ ಟವರ್ ಚೂಪಾಗುವ ಜಾಗಕ್ಕೆ ಲೆನ್ಸ್ ತಂದು, ರಿಂಗನ್ನು ಇನ್ಫಿನಿಟಿ ಗುರುತಿಗೆ ಕೂರಿಸಿ ಮತ್ತೆ ಬಿಗಿ ಮಾಡಿದರೆ ಆಯಿತು.

ಲೆನ್ಸಿನ ಗುರುತು ನೆತ್ತಿಗೆ ಬರದೆ ಪಕ್ಕಕ್ಕೆ ವಾಲಿ ನಿಲ್ಲೋದೂ ಉಂಟು. ಚಿತ್ರಕ್ಕೆ ಏನೂ ಆಗಲ್ಲ, ಓದೋಕೆ ಕಿರಿಕಿರಿ ಅಷ್ಟೇ. ಒಳಗಿನ ಬಳೆಯನ್ನು ಸ್ಕ್ರೂ ಸಡಿಲಿಸಿ ತಿರುಗಿಸಬಹುದಾದ ರಿಂಗ್ ಸಿಕ್ಕರೆ ಅದನ್ನೇ ತಗೊಳ್ಳಿ.

ನನ್ನ ಆಯ್ಕೆ: ಹೆಲಿಯೋಸ್‌ಗೆ ಕೆ1000, ಪೆಂಟಕಾನ್‌ಗೆ ಇಒಎಸ್. ಹೊಸದಾಗಿ ಶುರು ಮಾಡುವವರು, ಒಂದೇ ಬಾಡಿ ಕೊಳ್ಳುವವರು ಇಒಎಸ್ ಕಡೆಗೇ ಹೋಗಿ. ಪೆಂಟಾಕ್ಸ್ ರಿಂಗ್ ತಗೊಳ್ಳುವಾಗ ಹೊರಗಡೆ ಅಂಚು ಇದೆಯಾ ಅಂತ ಕೇಳಿ, ಪಕ್ಕದಿಂದ ತೆಗೆದ ಫೋಟೋ ಕಳಿಸಿ ಅನ್ನಿ. ಮುಂದಿನಿಂದ ತೆಗೆದ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.