ಮೆಮ್‌ಟೆಸ್ಟ್86 ಪ್ಲಸ್ ರಿವ್ಯೂ: ಹೊಸ ರ‍್ಯಾಮ್ ಹಾಕಿದ ಮೇಲೆ ಹ್ಯಾಂಗ್ ಆಗುತ್ತಿದ್ದ ಡೆಸ್ಕ್‌ಟಾಪ್ ಹೇಗೆ ಸರಿಹೋಯಿತು

ಮೊದಲೇ ಹೇಳಿಬಿಡುತ್ತೇನೆ. ಡೆಸ್ಕ್‌ಟಾಪ್‌ಗೆ ಹೊಸ ರ‍್ಯಾಮ್ ಹಾಕಿದವರು ವಿಂಡೋಸ್ ಒಳಗೆ ಹೋಗುವ ಮುಂಚೆ, ಅದರಲ್ಲೂ ಹಳೇ ಡಿಸ್ಕ್‌ನಿಂದ ಹೊಸದಕ್ಕೆ ಫೈಲ್ ಕಾಪಿ ಮಾಡುವ ಮುಂಚೆ, ಮೆಮ್‌ಟೆಸ್ಟ್86 ಪ್ಲಸ್ ಅನ್ನುವ ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಮನ್ನು ಒಂದು ಸಲ ಓಡಿಸಿ. ನಾನು ಅದನ್ನು ಮೂರು ವಾರ ತಡವಾಗಿ ಓಡಿಸಿದೆ. ಅಷ್ಟರಲ್ಲಿ ಒಂದಷ್ಟು ಫೋಟೋಗಳು ಹಾಳಾಗಿದ್ದವು.

ನನ್ನ ಕಂಪ್ಯೂಟರ್‌ನಲ್ಲಿ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ ಇದ್ದವು. ಅದೇ ಕಂಪನಿಯ, ಅದೇ ಮಾಡೆಲ್‌ನ, ಅದೇ 3200 ಸ್ಪೀಡಿನ ಇನ್ನೆರಡು ತಂದು ಖಾಲಿ ಸ್ಲಾಟ್‌ಗಳಿಗೆ ಹಾಕಿದೆ. ಹೇಗೂ ಕೇಸ್ ಬಿಚ್ಚಿದ್ದೇನಲ್ಲ ಅಂತ ಹೊಸ ಎನ್‌ವಿಎಂಇ ಎಸ್‌ಎಸ್‌ಡಿ (ವೇಗದ ಡಿಸ್ಕ್), ಹೊಸ ಗ್ರಾಫಿಕ್ಸ್ ಕಾರ್ಡ್ ಎರಡನ್ನೂ ಅದೇ ದಿನ ಕೂರಿಸಿದೆ. ಇದು ದೊಡ್ಡ ತಪ್ಪು. ಮೂರು ವಸ್ತು ಒಟ್ಟಿಗೆ ಬದಲಾದರೆ ಯಾವುದು ಕೈಕೊಟ್ಟಿತು ಅಂತ ಗೊತ್ತಾಗುವುದಾದರೂ ಹೇಗೆ?

ಮೊದಲು ಕಂಡಿದ್ದು ನಿಧಾನ. ಅಪ್‌ಗ್ರೇಡ್‌ಗಿಂತ ಮುಂಚೆ ಸಲೀಸಾಗಿ ಓಡುತ್ತಿದ್ದ ಗೇಮ್ ಈಗ ತಡವರಿಸುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಮೆಮೊರಿ ಮೇಲೆ ಕ್ಲಿಕ್ ಮಾಡಿದರೆ ಸ್ಪೀಡ್ 2133 ಅಂತ ತೋರಿಸುತ್ತಿತ್ತು. ಹೊಸ ಸ್ಟಿಕ್ ಕಂಡ ಕೂಡಲೇ ಮದರ್‌ಬೋರ್ಡ್ ತನ್ನ ಹಳೇ ಸೆಟ್ಟಿಂಗ್ ಮರೆತು ಮೂಲ ಸ್ಪೀಡಿಗೆ ಬಂದಿತ್ತು. ನನ್ನಂಥ ಸ್ಟಿಕ್‌ಗಳಲ್ಲಿ ಡಬ್ಬದ ಮೇಲೆ ಬರೆದಿರುವ 3200 ಬೇಕು ಅಂದರೆ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ಎಕ್ಸ್‌ಎಂಪಿ ಪ್ರೊಫೈಲ್, ಅಂದರೆ ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗ್, ಆನ್ ಮಾಡಲೇಬೇಕು, ತಾನಾಗಿ ಬರುವುದಿಲ್ಲ. ಆನ್ ಮಾಡಿದೆ. ವೇಗ ವಾಪಸ್ ಬಂತು. ಹ್ಯಾಂಗ್ ಶುರುವಾಗಿದ್ದೂ ಆವತ್ತೇ.

ಎಂಥ ಹ್ಯಾಂಗ್ ಅಂದರೆ, ಹಾಡು ಕೇಳುತ್ತಾ ಏನೋ ಟೈಪ್ ಮಾಡುತ್ತಿದ್ದೇನೆ, ಇದ್ದಕ್ಕಿದ್ದಂತೆ ಹಾಡಿನ ಒಂದು ಚೂರು ಜೀರುಂಡೆ ಥರ ಒಂದೇ ಸಮ ಕೊರೆಯಲು ಶುರುವಾಗುತ್ತದೆ, ಪಾಯಿಂಟರ್ ಇದ್ದಲ್ಲೇ ನಿಲ್ಲುತ್ತದೆ. ನಮ್‌ಲಾಕ್ ಒತ್ತಿದರೆ ಕೀಬೋರ್ಡಿನ ದೀಪ ಕೂಡ ಬದಲಾಗುವುದಿಲ್ಲ. ಈ ನಮ್‌ಲಾಕ್ ನೋಡುವುದು ಒಳ್ಳೇ ಅಭ್ಯಾಸ. ಒತ್ತಿದಾಗಲೆಲ್ಲ ದೀಪ ಹತ್ತಿ ಆರುತ್ತಿದ್ದರೆ ಸಿಸ್ಟಮ್ ಇನ್ನೂ ಜೀವಂತ ಇದೆ, ಯಾವುದೋ ಒಂದು ಪ್ರೋಗ್ರಾಮ್ ಸಿಕ್ಕಿಹಾಕಿಕೊಂಡಿದೆ ಅಷ್ಟೇ. ದೀಪವೂ ಅಲ್ಲಾಡದಿದ್ದರೆ ಹಾರ್ಡ್‌ವೇರ್ ಅಥವಾ ಡ್ರೈವರ್ ಮಟ್ಟದಲ್ಲೇ ಏನೋ ಆಗಿರುವ ಸಾಧ್ಯತೆ ಜಾಸ್ತಿ. ಪವರ್ ಬಟನ್ ಒತ್ತಿಹಿಡಿದು ಆರಿಸದೆ ಬೇರೆ ದಾರಿ ಇರಲಿಲ್ಲ. ಆಮೇಲೆ ವಿಂಡೋಸ್‌ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ನೋಡಿದರೆ ಪ್ರತಿ ಸಲವೂ ಕರ್ನಲ್ ಪವರ್ 41 ಅನ್ನುವ ಎರರ್. ಅದನ್ನು ನೋಡಿ ಪವರ್ ಸಪ್ಲೈ ಹೋಗಿದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡೆ. ಆದರೆ 41 ಹೇಳುವುದು ಇಷ್ಟೇ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಶುರುವಾಗಿದೆ. ಯಾಕೆ ಅಂತ ಅದಕ್ಕೂ ಗೊತ್ತಿಲ್ಲ.

ಆಮೇಲಿನ ಎರಡು ವಾರ ಸುಮ್ನೆ ಹೋಯಿತು. ಗ್ರಾಫಿಕ್ಸ್ ಡ್ರೈವರ್ ಪೂರ್ತಿ ಕಿತ್ತು ಮತ್ತೆ ಹಾಕಿದೆ. ಬಯಾಸ್ ಅಪ್‌ಡೇಟ್ ಮಾಡಿದೆ. ವಿಂಡೋಸ್ ಅನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ವಿಂಡೋಸ್ ಜೊತೆಗೇ ಬರುವ ಮೆಮೊರಿ ಡಯಾಗ್ನಾಸ್ಟಿಕ್ ಕೂಡ ಓಡಿಸಿದೆ, ಯಾವ ತೊಂದರೆಯೂ ಇಲ್ಲ ಅಂದಿತು. ಹಾಗಾಗಿ ರ‍್ಯಾಮ್ ಮೇಲಿನ ಅನುಮಾನ ಬಿಟ್ಟೇಬಿಟ್ಟೆ. ಅದನ್ನು ಬಿಟ್ಟಿದ್ದಕ್ಕೆ ಇನ್ನೊಂದು ವಾರ ದಂಡ ತೆತ್ತೆ.

ಈಗ ಮೆಮ್‌ಟೆಸ್ಟ್86 ಪ್ಲಸ್ ವಿಷಯಕ್ಕೆ ಬರೋಣ. ಇದು ಪೂರ್ತಿ ಉಚಿತ, ಓಪನ್ ಸೋರ್ಸ್. ಇದರ ಮೂಲ 1994ರ ಮೆಮ್‌ಟೆಸ್ಟ್86. 2022ರಲ್ಲಿ ಬಂದ 6.00 ಆವೃತ್ತಿಯಿಂದ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಇರುವ ಹೊಸ ಬೋರ್ಡ್‌ಗಳಲ್ಲೂ ನೇರವಾಗಿ ಬೂಟ್ ಆಗುತ್ತದೆ. ಪ್ಲಸ್ ಇಲ್ಲದ ಮೆಮ್‌ಟೆಸ್ಟ್86 ಈಗ ಪಾಸ್‌ಮಾರ್ಕ್ ಕಂಪನಿಯದು, ಅದೇ ಬೇರೆ. ಅದರ ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತು ಮಾತ್ರ ಓಡಿಸಬಹುದು. ಎರಡೂ ಒಳ್ಳೆಯವೇ, ಹೆಸರು ನೋಡಿ ಗಲಿಬಿಲಿ ಆಗಬೇಡಿ.

ಸೆಟಪ್ ಸುಲಭ. ಅವರ ಸೈಟಿನಿಂದ ಯುಎಸ್‌ಬಿ ಇನ್‌ಸ್ಟಾಲರ್ ಇಳಿಸಿಕೊಂಡು ಒಂದು ಪೆನ್‌ಡ್ರೈವ್ ಕೊಟ್ಟರೆ ಸಾಕು. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ ಅಳಿಸಿಹೋಗುತ್ತದೆ, ಜೋಪಾನ. ನನ್ನ ಬೋರ್ಡಿನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಪ್ರೋಗ್ರಾಮ್ ಬೂಟ್ ಆಗದಂತೆ ತಡೆಯುವ ಬಯಾಸ್ ಸೆಟ್ಟಿಂಗ್) ಆಫ್ ಮಾಡುವವರೆಗೂ ಇದು ಬೂಟ್ ಆಗಲಿಲ್ಲ. ನೀವು ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಬಳಸುತ್ತಿದ್ದರೆ ಅದಕ್ಕೆ ಮುಂಚೆ ರಿಕವರಿ ಕೀ ಎಲ್ಲಿದೆ ಅಂತ ಖಚಿತ ಮಾಡಿಕೊಳ್ಳಿ. ಸೆಕ್ಯೂರ್ ಬೂಟ್ ಬದಲಾದರೆ ವಿಂಡೋಸ್ ಆ ಕೀ ಕೇಳಬಹುದು, ಆಗ ಹುಡುಕಾಡುತ್ತಾ ಕೂರುವ ಹಾಗಾಗಬಾರದು.

ಬೂಟ್ ಆದರೆ ಒಂದು ನೀಲಿ ಪರದೆ. ಪ್ರೊಸೆಸರ್ ಹೆಸರು, ಅದರ ಬಿಸಿ, ಎಷ್ಟನೇ ಸುತ್ತು, ಎಷ್ಟನೇ ಟೆಸ್ಟ್, ಎಷ್ಟು ಎರರ್ ಅನ್ನೋದೆಲ್ಲ ಅದರಲ್ಲೇ ಇರುತ್ತದೆ. ಏನನ್ನೂ ಒತ್ತಬೇಕಾಗಿಲ್ಲ, ತಾನೇ ಶುರು ಮಾಡಿಕೊಳ್ಳುತ್ತದೆ. ರ‍್ಯಾಮ್‌ನ ಒಂದೊಂದು ಜಾಗದಲ್ಲೂ ಏನನ್ನೋ ಬರೆಯುತ್ತದೆ, ಆಮೇಲೆ ಓದಿ, ಬರೆದದ್ದೇ ಇದೆಯಾ ಅಂತ ನೋಡುತ್ತದೆ. ಕೆಲಸ ಇಷ್ಟೇ. ಆದರೆ ವಿಂಡೋಸ್ ಓಡುತ್ತಿರುವಾಗ ರ‍್ಯಾಮ್‌ನ ಒಂದು ಭಾಗವನ್ನು ವಿಂಡೋಸೇ ಹಿಡಿದುಕೊಂಡಿರುತ್ತದೆ ಅಲ್ವಾ, ಇಲ್ಲಿ ಆ ತೊಡಕಿಲ್ಲ. ಅದಕ್ಕೇ ಇದರ ಮಾತಿಗೆ ತೂಕ ಜಾಸ್ತಿ.

ರಾತ್ರಿ ಮಲಗುವ ಮುಂಚೆ ಶುರು ಮಾಡಿ, ಸುಮ್ನೆ ಸ್ವಲ್ಪ ಹೊತ್ತು ನೋಡುತ್ತಾ ಕೂತಿದ್ದೆ. ಸುಮಾರು ನಲವತ್ತು ನಿಮಿಷ ಏನೂ ಇಲ್ಲ. ಏಳಬೇಕು ಅನ್ನುವಷ್ಟರಲ್ಲಿ ಕೆಳಗಡೆ ಒಂದು ಕೆಂಪು ಸಾಲು ಬಂತು. ಹಿಂದೆಯೇ ಇನ್ನೆರಡು. ಬರೆದದ್ದು ಏನು, ಓದಿದಾಗ ಸಿಕ್ಕಿದ್ದು ಏನು ಅಂತ ಪಕ್ಕಪಕ್ಕದಲ್ಲೇ ತೋರಿಸುತ್ತದೆ. ಅಷ್ಟುದ್ದದ ಸಾಲಿನಲ್ಲಿ ಒಂದೇ ಒಂದು ಅಕ್ಷರ ಬೇರೆ ಇತ್ತು. ಮೂರು ವಾರದ ಒದ್ದಾಟ ಆ ಒಂದು ಅಕ್ಷರದಲ್ಲಿತ್ತು. ನಿಜ ಹೇಳಬೇಕು ಅಂದರೆ ನನಗೆ ಬೇಜಾರಿಗಿಂತ ಸಮಾಧಾನವೇ ಹೆಚ್ಚಾಯಿತು, ಯಾಕೆಂದರೆ ಕಾಯಿಲೆ ಏನು ಅಂತಲಾದರೂ ಗೊತ್ತಾಯಿತು.

ಎರರ್ ಬಂತು ಅಂದ ತಕ್ಷಣ ಸ್ಟಿಕ್ ಕೆಟ್ಟಿದೆ ಅಂತ ವಾಪಸ್ ಕೊಡಲು ಓಡಬೇಡಿ. ನಾನು ಹೊಸ ಎರಡನ್ನು ತೆಗೆದು ಹಳೇ ಜೋಡಿಯನ್ನು ಮಾತ್ರ 3200ರಲ್ಲಿ ಓಡಿಸಿದೆ, ಒಂದೂ ಎರರ್ ಇಲ್ಲ. ಹಳೇದನ್ನು ತೆಗೆದು ಹೊಸ ಜೋಡಿ ಹಾಕಿದೆ, ಅದೂ ಪಾಸ್. ಎರಡೇ ಸ್ಟಿಕ್ ಹಾಕುವಾಗ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟ್ ಬಳಸಬೇಕು, ನಿಮ್ಮ ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಎ2, ಬಿ2 ಅಂತ ಇರುತ್ತದೆ. ನಾಲ್ಕನ್ನೂ ಹಾಕಿ ಎಕ್ಸ್‌ಎಂಪಿ ಆಫ್ ಮಾಡಿ 2133ರಲ್ಲಿ ಓಡಿಸಿದೆ, ಪಾಸ್. ನಾಲ್ಕನ್ನೂ 3200ರಲ್ಲಿ ಓಡಿಸಿದರೆ ಮಾತ್ರ ಕೆಂಪು ಸಾಲು.

ಅಂದರೆ ಯಾವ ಸ್ಟಿಕ್ಕೂ ಕೆಟ್ಟಿರಲಿಲ್ಲ. ನಾಲ್ಕು ಒಟ್ಟಿಗೆ ಆ ವೇಗ ತಡೆಯುತ್ತಿರಲಿಲ್ಲ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ, ಸ್ಟಿಕ್ ಜಾಸ್ತಿ ಆದಷ್ಟೂ ಅದರ ಮೇಲೆ ಭಾರ ಜಾಸ್ತಿ. ಜೊತೆಗೆ ಒಂದೇ ಮಾಡೆಲ್ ನಂಬರ್ ಇದ್ದರೂ ಬೇರೆ ಬೇರೆ ಸಮಯದಲ್ಲಿ ತಯಾರಾದ ಸ್ಟಿಕ್‌ಗಳ ಒಳಗೆ ಬೇರೆ ಚಿಪ್ ಇರಬಹುದು. ಎರಡರ ಕಿಟ್ (ಒಟ್ಟಿಗೆ ಮಾರುವ ಜೋಡಿ) ಅನ್ನು ತಯಾರಕರು ಪರೀಕ್ಷೆ ಮಾಡಿರುವುದು ಎರಡಕ್ಕೆ ಮಾತ್ರ, ಇನ್ನೊಂದು ಕಿಟ್ ಜೊತೆ ಸೇರಿದಾಗ ಏನಾಗುತ್ತದೆ ಅಂತ ಅವರು ಮಾತು ಕೊಟ್ಟಿಲ್ಲ. ಇದು ನನಗೆ ಮೊದಲೇ ಗೊತ್ತಿದ್ದಿದ್ದರೆ ನಾಲ್ಕರ ಕಿಟ್ ಅಥವಾ 16 ಜಿಬಿಯ ಎರಡು ಸ್ಟಿಕ್ ತೆಗೆದುಕೊಳ್ಳುತ್ತಿದ್ದೆ. ಈಗ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಹಾಗೇ ಇಟ್ಟು, ಸ್ಪೀಡ್ ಮಾತ್ರ 2933ಕ್ಕೆ ಇಳಿಸಿದೆ. ಇಡೀ ರಾತ್ರಿ ಓಡಿತು. ಬೆಳಿಗ್ಗೆ ಹಸಿರು ಬಣ್ಣದಲ್ಲಿ ದೊಡ್ಡದಾಗಿ ಪಾಸ್ ಅಂತ ಇತ್ತು. 3200ಕ್ಕೂ 2933ಕ್ಕೂ ಇರುವ ವ್ಯತ್ಯಾಸ ಬಳಸುವಾಗ ನನಗೆ ತಿಳಿಯಲೇ ಇಲ್ಲ.

ಇನ್ನು ಫೋಟೋ ವಿಷಯ. ರ‍್ಯಾಮ್ ಸರಿ ಇಲ್ಲದಾಗ ಡಿಸ್ಕಿನಿಂದ ಡಿಸ್ಕಿಗೆ ಕಾಪಿ ಮಾಡಿದ್ದೆನಲ್ಲ, ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಹಾದುಹೋಗುತ್ತದೆ. ಒಂದು ಫೋಟೋ ತೆರೆದರೆ ಮೇಲಿನ ಅರ್ಧ ಸರಿ ಇದೆ, ಮುಖಗಳು ಕಾಣುತ್ತವೆ, ಕತ್ತಿನಿಂದ ಕೆಳಗೆ ಬರೀ ಬೂದು ಬಣ್ಣ. ಅಂಥವು ಹನ್ನೊಂದು ಸಿಕ್ಕವು. ಹಳೇ ಡಿಸ್ಕನ್ನು ಇನ್ನೂ ಅಳಿಸಿರಲಿಲ್ಲ, ಅದರಿಂದ ಬಚಾವಾದೆ, ಎಲ್ಲವನ್ನೂ ಮತ್ತೆ ಕಾಪಿ ಮಾಡಿದೆ. ದಯವಿಟ್ಟು ಅಪ್‌ಗ್ರೇಡ್ ಮಾಡಿದ ಮೇಲೆ ಕನಿಷ್ಠ ಒಂದು ತಿಂಗಳು ಹಳೇ ಡಿಸ್ಕ್ ಮುಟ್ಟಬೇಡಿ. ವಿಂಡೋಸ್ ಫೈಲ್‌ಗಳೂ ಹೀಗೇ ಹಾಳಾಗಿರಬಹುದು, ರ‍್ಯಾಮ್ ಸರಿಹೋದ ಮೇಲೆ ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆಗೆದು, ಆ ಫೈಲ್‌ಗಳನ್ನು ಪರೀಕ್ಷಿಸಿ ಸರಿಮಾಡುವ ಎಸ್‌ಎಫ್‌ಸಿ ಸ್ಕ್ಯಾನ್ (sfc /scannow) ಓಡಿಸಿ. ನನ್ನದರಲ್ಲಿ ಅದು ಕೆಲವನ್ನು ಹುಡುಕಿ ಸರಿಮಾಡಿತು.

ಇಷ್ಟೆಲ್ಲ ಆದ ಮೇಲೂ ಇನ್ನೊಂದು ಥರದ ಹ್ಯಾಂಗ್ ಉಳಿದಿತ್ತು. ಇದು ಪೂರ್ತಿ ಸಾಯುತ್ತಿರಲಿಲ್ಲ. ಅರ್ಧ ನಿಮಿಷ ಫೋಲ್ಡರ್‌ಗಳು ತೆರೆಯುತ್ತಿರಲಿಲ್ಲ, ಆಮೇಲೆ ತಾನಾಗಿ ಸರಿಯಾಗುತ್ತಿತ್ತು. ಇಲ್ಲಿ ಮೆಮ್‌ಟೆಸ್ಟ್ ಏನೂ ಮಾಡಲಾರದು, ಅದು ರ‍್ಯಾಮ್ ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಆದರೆ ರ‍್ಯಾಮ್ ಅಲ್ಲ ಅಂತ ಗಟ್ಟಿಯಾಗಿ ಹೇಳಿದ್ದರಿಂದ ನಾನು ಬೇರೆ ಕಡೆ ನೋಡಿದೆ. ಈವೆಂಟ್ ವ್ಯೂವರ್‌ನಲ್ಲಿ ಅದೇ ಹೊತ್ತಿಗೆ ಸರಿಯಾಗಿ 129 ನಂಬರಿನ ಎಚ್ಚರಿಕೆ ಇತ್ತು. ಡಿಸ್ಕ್ ಉತ್ತರ ಕೊಡದಿದ್ದಾಗ ವಿಂಡೋಸ್ ಅದನ್ನು ರಿಸೆಟ್ ಮಾಡಿದ ದಾಖಲೆ ಅದು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳೇ ಹಾರ್ಡ್‌ಡಿಸ್ಕಿನ ಸಿ7 ಸಾಲು, ಅಂದರೆ ಡೇಟಾ ಸಾಗುವಾಗ ಆದ ಸಿಆರ್‌ಸಿ ಎರರ್‌ಗಳ ಲೆಕ್ಕ, ದಿನಾ ಏರುತ್ತಿತ್ತು. ಈ ಲೆಕ್ಕ ಏರುತ್ತಿದ್ದರೆ ಹೆಚ್ಚಾಗಿ ಡಿಸ್ಕ್ ಅಲ್ಲ, ಕೇಬಲ್ ತೊಂದರೆ. ಕೇಸ್ ತೆಗೆದು ನೋಡಿದರೆ ಉದ್ದನೆಯ ಹೊಸ ಗ್ರಾಫಿಕ್ಸ್ ಕಾರ್ಡ್ ಹಾರ್ಡ್‌ಡಿಸ್ಕಿನ ಸಾಟಾ ಕೇಬಲ್‌ನ ತುದಿಯನ್ನು ಒಂದು ಪಕ್ಕಕ್ಕೆ ಒತ್ತಿಹಿಡಿದಿತ್ತು. ಬೇರೆ ಕೇಬಲ್ ಹಾಕಿ ಬೇರೆ ಪೋರ್ಟಿಗೆ ಚುಚ್ಚಿದೆ. ಸಿ7 ಲೆಕ್ಕ ಕಡಿಮೆ ಆಗುವುದಿಲ್ಲ, ಏರುವುದು ನಿಂತರೆ ಸಾಕು. ನಿಂತಿದೆ.

ಪ್ರೋಗ್ರಾಮ್ ಬಗ್ಗೆ ನನ್ನ ದೂರು ಎರಡು. ಒಂದು, ಹೊತ್ತು ಬಹಳ ಹಿಡಿಯುತ್ತದೆ. ನನ್ನ 32 ಜಿಬಿಗೆ ಒಂದು ಸುತ್ತು ಸುಮಾರು ಎರಡು ಗಂಟೆ, ಒಂದೇ ಸುತ್ತು ಪಾಸ್ ಆದರೆ ನಂಬುವಂತಿಲ್ಲ, ಮೂರು ನಾಲ್ಕು ಬೇಕು. ಅಷ್ಟು ಹೊತ್ತು ಕಂಪ್ಯೂಟರ್‌ನಲ್ಲಿ ಬೇರೆ ಕೆಲಸ ಆಗುವುದಿಲ್ಲ. ಎರಡು, ಫಲಿತಾಂಶವನ್ನು ಪೆನ್‌ಡ್ರೈವ್‌ನಲ್ಲಿ ಉಳಿಸಿಕೊಳ್ಳುವುದು ನನಗೆ ಎಲ್ಲೂ ಕಾಣಲಿಲ್ಲ. ಎರಡನೇ ರಾತ್ರಿ ಅವಸರದಲ್ಲಿ ಎಸ್ಕೇಪ್ ಒತ್ತಿ ಎಲ್ಲ ಕಳೆದುಕೊಂಡೆ, ಮತ್ತೆ ಮೊದಲಿಂದ ಓಡಿಸಬೇಕಾಯಿತು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ನೀವು ಓಡಿಸುವುದಾದರೆ, ಕೀಬೋರ್ಡ್ ಮುಟ್ಟುವ ಮುಂಚೆ ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ವಾರಂಟಿ ಕೇಳಲು ಹೋದಾಗ ತೋರಿಸುವುದಕ್ಕೂ ಅದೇ ಬೇಕು.