ಸಿಸ್ಟಮ್‌ಸಿಟಿಎಲ್: ಹಳೇ ಡೆಸ್ಕ್‌ಟಾಪ್‌ನಲ್ಲಿ ಇಷ್ಟು ವರ್ಷ ಬಳಸಿದ ಮೇಲೆ

2015ರಲ್ಲಿ ಡೆಬಿಯನ್ 8 (ಒಂದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್) ಬಂದಾಗ, ಹಿನ್ನೆಲೆಯ ಪ್ರೋಗ್ರಾಮ್‌ಗಳನ್ನು, ಅಂದರೆ ಸರ್ವೀಸ್‌ಗಳನ್ನು, ನೋಡಿಕೊಳ್ಳುವ ಸಿಸ್ಟಮ್‌ಡಿ ಜೊತೆಗೇ ಬಂತು. ಅಂದಿನಿಂದ ಅದಕ್ಕೆ ಅಪ್ಪಣೆ ಕೊಡುವ ಕಮಾಂಡ್ ಆದ ಸಿಸ್ಟಮ್‌ಸಿಟಿಎಲ್ ಬಳಸುತ್ತಿದ್ದೇನೆ. ಮನೆಯಲ್ಲಿರುವುದು 4 ಜಿಬಿ ಮೆಮೊರಿಯ ಹಳೇ ಡೆಸ್ಕ್‌ಟಾಪ್. ಮನೆಮಂದಿಯ ಫೋಟೋಗಳೆಲ್ಲ ಅದರಲ್ಲೇ ಇವೆ. ಹಿನ್ನೆಲೆಯಲ್ಲಿ ಯಾವ ಸರ್ವೀಸ್ ಓಡುತ್ತಿದೆ ಅಂತ ನನಗೆ ಗೊತ್ತಿರಲೇಬೇಕು.

ಮೊದಲು 'ಸರ್ವೀಸ್ --ಸ್ಟೇಟಸ್-ಆಲ್' ಹೊಡೆಯುತ್ತಿದ್ದೆ. ಹೆಸರಿನ ಎಡಕ್ಕೆ ಪ್ಲಸ್ಸೋ ಮೈನಸ್ಸೋ ಬರುತ್ತಿತ್ತು, ಅಷ್ಟೇ. ಈಗ 'ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯೂನಿಟ್ಸ್ --ಟೈಪ್=ಸರ್ವೀಸ್ --ಸ್ಟೇಟ್=ರನ್ನಿಂಗ್' ಅಂದರೆ ಓಡುತ್ತಿರುವುದು ಮಾತ್ರ ಕಾಣುತ್ತದೆ, ಒಂದೊಂದಕ್ಕೂ ಪುಟ್ಟ ವಿವರಣೆ ಸಮೇತ. ಬಿದ್ದುಹೋದವನ್ನು ನೋಡಲು '--ಫೇಲ್ಡ್' ಸಾಕು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು 'ಸ್ಟೇಟಸ್'. ಒಂದು ಸಂಜೆ ಕರೆಂಟ್ ಹೋಗಿ ಬಂತು. ಆಮೇಲೆ ಫೋನಿನ ಫೋಟೋಗಳು ಡೆಸ್ಕ್‌ಟಾಪ್‌ಗೆ ಬರುವುದೇ ನಿಂತಿತು. ಆ ಕೆಲಸ ಸಿಂಕ್‌ತಿಂಗ್‌ನದು. ಹಿಂದಿನ ದಿನ ಅದು ಓಡುತ್ತಿದ್ದುದನ್ನು ನಾನೇ ನೋಡಿದ್ದೆ. ಸ್ಟೇಟಸ್ ಕೇಳಿದರೆ 'ಆಕ್ಟಿವ್' ಸಾಲಿನಲ್ಲಿ ಇನಾಕ್ಟಿವ್ ಅಂತಿತ್ತು, ಅದರ ಮೇಲಿನ 'ಲೋಡೆಡ್' ಸಾಲಿನಲ್ಲಿ ಡಿಸೇಬಲ್ಡ್. ಆಗ ಅರ್ಥವಾಯಿತು. 'ಸ್ಟಾರ್ಟ್' ಕೊಟ್ಟರೆ ಈಗ ಓಡುತ್ತದೆ. ಮುಂದಿನ ಸಲ ಮಷೀನ್ ಆನ್ ಆದಾಗ ತಾನಾಗಿ ಏಳಬೇಕಾದರೆ 'ಎನೇಬಲ್' ಮಾಡಿರಬೇಕು. 'ಎನೇಬಲ್ --ನೌ' ಅಂದರೆ ಎರಡೂ ಒಟ್ಟಿಗೆ ಆಗುತ್ತವೆ. ಈಗ ಯಾವ ಸರ್ವೀಸ್ ಹಾಕಿದರೂ ಈ ಎರಡು ಸಾಲು ನೋಡಿಯೇ ಕುರ್ಚಿ ಬಿಡುತ್ತೇನೆ.

ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ಒಂದು ಅಂಕ ಕಡಿಮೆ ಯಾಕೆ ಅಂದರೆ, ಓಡುತ್ತಿರುವವುಗಳ ಪಟ್ಟಿಯೊಂದನ್ನೇ ನಂಬಿ ಕೂರುವ ಹಾಗಿಲ್ಲ. ನಮ್ಮಲ್ಲಿ ಪ್ರಿಂಟರ್ ಇಲ್ಲ, ಸುಮ್ನೆ ಯಾಕೆ ಅಂತ ಪ್ರಿಂಟಿಂಗ್ ಸರ್ವೀಸ್ ಆದ ಕಪ್ಸ್ ನಿಲ್ಲಿಸಿದೆ. ಪಟ್ಟಿಯಿಂದ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ಕೂತಿತ್ತು! ಅದರ ಸಾಕೆಟ್ ಯೂನಿಟ್ ಕಾದು ಕೂತಿರುತ್ತದೆ, ಯಾರಾದರೂ ಕರೆದ ತಕ್ಷಣ ಎಬ್ಬಿಸುತ್ತದೆ. ನಿಲ್ಲಿಸುವಾಗ ಬರುವ ಎಚ್ಚರಿಕೆಯಲ್ಲಿ ಇದನ್ನೇ ಹೇಳಿರುತ್ತದೆ, ದಯವಿಟ್ಟು ಓದಿ. 'ಲಿಸ್ಟ್-ಸಾಕೆಟ್ಸ್' ಕೂಡ ಒಮ್ಮೆ ನೋಡಿ.

ಇನ್ನೊಂದು ವಿಷಯ. ಸ್ಪೀಕರಿನಲ್ಲಿ ಸೌಂಡ್ ಬರದಿದ್ದಾಗ, ಸೌಂಡ್ ನೋಡಿಕೊಳ್ಳುವ ಪೈಪ್‌ವೈರ್ ಎಲ್ಲಿ ಅಂತ ಪಟ್ಟಿಯಲ್ಲಿ ಹುಡುಕುತ್ತೇವೆ ಅಲ್ವಾ? ಅಲ್ಲಿ ಸಿಗುವುದಿಲ್ಲ. ಲಾಗಿನ್ ಆದವರ ಹೆಸರಲ್ಲಿ ಓಡುವ ಸರ್ವೀಸ್‌ಗಳ ಪಟ್ಟಿಯೇ ಬೇರೆ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕದೆ, '--ಯೂಸರ್' ಸೇರಿಸಿ ಕೇಳಿ.