19ನೇ ಮಹಡಿಯೋ, ಎರಡನೇ ಮಹಡಿಯೋ?

ಬೆಂಗಳೂರಿನ ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್ ಹತ್ತಿರ ಎರಡು ಬಾಡಿಗೆ ಮನೆಯಲ್ಲಿ ಇದ್ದು ನೋಡಿಯಾಯಿತು. ಮೊದಲು, 40×60 ಸೈಟಿನಲ್ಲಿ ಆರು ಮನೆ ಕಟ್ಟಿದ್ದ ಬಿಲ್ಡಿಂಗಿನ ಎರಡನೇ ಮಹಡಿ. ಆಮೇಲೆ, ಅಲ್ಲಿಂದ ಎರಡು ಬೀದಿ ಆಚೆ ಎದ್ದ ಟವರಿನ 19ನೇ ಮಹಡಿ. ಆ ಟವರ್ ಏಳುವಾಗ ರಾತ್ರಿ ಹನ್ನೊಂದಕ್ಕೆ ಕಾಂಕ್ರೀಟ್ ಲಾರಿ ಬಂದಾಗೆಲ್ಲ ಬೈದವನು ನಾನೇ. ಕೊನೆಗೆ ಅಲ್ಲೇ ಹೋಗಿ ಸೇರಿಕೊಂಡೆ.

ಮೊದಲ ವಾರ ಬಾಲ್ಕನಿ ಬಿಟ್ಟು ಬರಲಿಲ್ಲ. ಆ ಕಡೆ ತುರಹಳ್ಳಿ ಕಾಡು, ಕೆಳಗೆ ಆಟದ ಸಾಮಾನಿನಂಥ ಮೆಟ್ರೋ. ಎರಡನೇ ತಿಂಗಳಿಗೆ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಬಂತು, ಪಾರಿವಾಳಕ್ಕೆ ಬಲೆ ಬಂತು, ಕಾಡು ಮರೆತೇ ಹೋಯಿತು. ಆಷಾಢದ ಗಾಳಿಗೆ ರೂಮಿನ ಬಾಗಿಲು ಢಂ ಅಂತ ಬಡಿಯುತ್ತೆ. ಈಗ ಅದಕ್ಕೊಂದು ಹಳೇ ಚಪ್ಪಲಿ ಸಿಕ್ಕಿಸಿದ್ದೇವೆ.

ನಿಜವಾದ ವ್ಯತ್ಯಾಸ ಗೊತ್ತಾಗಿದ್ದು ನೀರಿನಲ್ಲಿ. 2024ರ ಮಾರ್ಚ್‌ನಲ್ಲಿ ಹಳೇ ಮನೆಯ ಬೋರ್‌ವೆಲ್ ಕೈಕೊಟ್ಟಿತು. ಆರು ಮನೆಯವರೂ ಟ್ಯಾಂಕರ್‌ನವನಿಗೆ ಫೋನ್ ಮಾಡಿದ್ದೇ ಮಾಡಿದ್ದು. ನಮಗೆ ಬೇಕಿದ್ದು ಒಂದೇ ಟ್ಯಾಂಕರ್ ನೀರು ತಾನೇ, ಅವನು ದೊಡ್ಡ ಗಿರಾಕಿ ಬಿಟ್ಟು ನಮ್ಮಲ್ಲಿಗೆ ಯಾಕೆ ಬರ್ತಾನೆ? ಮುಂದಿನ ಬೇಸಿಗೆ ಟವರಿನಲ್ಲಿ ಕಳೆಯಿತು. ಅಲ್ಲಿ ಬಳಸಿದ ನೀರನ್ನು ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡೋ ಘಟಕದಲ್ಲಿ, ಶುದ್ಧ ಮಾಡಿ ಫ್ಲಶ್‌ಗೂ ಗಿಡಕ್ಕೂ ಬಿಡುತ್ತಾರೆ. ಅದಕ್ಕೇ ಬೇರೆ ಪೈಪು. ಒಂದು ದಿನವೂ ಬಕೆಟ್ ಹಿಡಿದು ನಿಲ್ಲಲಿಲ್ಲ. ಸಂಜೆ ಹೊತ್ತು ಆ ಕಡೆಯಿಂದ ವಾಸನೆ ಬರುತ್ತೆ ಅನ್ನೋದು ಬೇರೆ ಮಾತು.

ಲಿಫ್ಟಿನ ವಿಷಯ ಸ್ವಲ್ಪ ತಮಾಷೆ. ಹಳೇ ಮನೆಗೆ ಲಿಫ್ಟೇ ಇರಲಿಲ್ಲ. ನಲವತ್ತು ಮೆಟ್ಟಿಲು ಅಂದರೆ ಅಮ್ಮನ ಮಂಡಿಗೆ ಆಗದು, ಹಾಗಾಗಿ ಅವರು ಕೆಳಗಿಳಿಯುತ್ತಲೇ ಇರಲಿಲ್ಲ. ಈಗ ದಿನಾ ಸಂಜೆ ವಾಕಿಂಗ್. ಆದರೆ ಬೆಳಗ್ಗೆ ಎಂಟಕ್ಕೆ ಸ್ಕೂಲ್ ಬಸ್ ಹೊತ್ತಲ್ಲಿ ಲಿಫ್ಟ್ ಹತ್ತಿ ನೋಡಿ! ಪ್ರತಿ ಮಹಡಿಯಲ್ಲೂ ನಿಂತು, ಒಂದೊಂದು ಮಗು, ಒಂದೊಂದು ಬ್ಯಾಗು. ಒಂದು ಭಾನುವಾರ ಫೈರ್ ಡ್ರಿಲ್ ಅಂತ 19 ಮಹಡಿ ಇಳಿಸಿದರು. ಎರಡು ದಿನ ಮೀನಖಂಡ ನೋವು. ಬೆಂಕಿ ಬಿದ್ದರೆ ಜನ ನಿಲ್ಲಲಿ ಅಂತ ನಡುವೆ ಬಿಟ್ಟಿರುವ ಜಾಗದಲ್ಲಿ ಯಾರದೋ ಹಳೇ ಸೋಫಾ, ಮೂರು ಸೈಕಲ್ಲು. ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಸೋಫಾ ಹೋಯಿತು, ಸೈಕಲ್ ಇನ್ನೂ ಇದೆ.

ದುಡ್ಡಿನ ಲೆಕ್ಕ ಬೇರೆಯೇ. ಟವರಿನ ಮನೆ ಹೇಳೋಕೆ 1,450 ಚದರಡಿ, ಕಾರ್ಪೆಟ್ ಏರಿಯಾ, ಅಂದರೆ ಗೋಡೆಗಳ ಒಳಗೆ ನಿಜಕ್ಕೂ ಸಿಗುವ ಜಾಗ, 980. ಆದರೆ ಮೇಂಟೆನೆನ್ಸ್ ಮಾತ್ರ 1,450ಕ್ಕೇ, ಚದರಡಿಗೆ ನಾಲ್ಕೂವರೆ ರೂಪಾಯಿ. ತಿಂಗಳಿಗೆ 6,525 ಆಯಿತಲ್ವಾ? ಹಳೇ ಮನೆಯಲ್ಲಿ 1,500 ಕೊಟ್ಟು, ಜಾಸ್ತಿ ಆಯಿತು ಅಂತ ಗೊಣಗುತ್ತಿದ್ದೆ.

ಕೊಳ್ಳುವ ಮಾತು ಬಂದಾಗ ಮೊದಲು ಹಳೇ ಮನೆಯತ್ತಲೇ ಮನಸ್ಸು ಹೋಯಿತು. 2,400 ಅಡಿ ಸೈಟಿಗೆ ಆರು ಮನೆ, ನೆಲದಲ್ಲಿ ತಲಾ 400 ಅಡಿ ಪಾಲು. ಟವರಿನಲ್ಲಿ ಯುಡಿಎಸ್, ಅಂದರೆ ನೆಲದಲ್ಲಿ ಒಂದು ಫ್ಲಾಟಿಗೆ ಬರುವ ಪಾಲು, 310 ಅಡಿ ಅಷ್ಟೇ. ಹಳೇ ಮನೆ ಓನರ್ ಹತ್ತಿರ ಓಸಿ ಕೇಳಿದೆ, ಅದೇ ಪ್ಲಾನ್ ಪ್ರಕಾರ ಕಟ್ಟಿದೆ, ವಾಸ ಮಾಡಬಹುದು ಅಂತ ಕೊಡೋ ಸರ್ಟಿಫಿಕೇಟ್. ನಕ್ಕುಬಿಟ್ಟರು. ಪ್ಲಾನ್ ಪಾಸಾಗಿದ್ದು ನಾಲ್ಕು ಮನೆಗಂತೆ. ನಾನು ಮಾತು ಮುಂದುವರಿಸಲಿಲ್ಲ.

ಸದ್ಯಕ್ಕೆ ಟವರಿನ ಕರಾರನ್ನೇ ಇನ್ನೂ 11 ತಿಂಗಳಿಗೆ ಬರೆಸಿದ್ದೇವೆ. ಸೊಪ್ಪಿಗೆ ಮಾತ್ರ ಅಮ್ಮ ಹಳೇ ಬೀದಿಗೇ ಹೋಗುತ್ತಾರೆ. ಗಾಡಿಯವಳು ನಮ್ಮ ಗೇಟಿಗೆ ಬಂದರೆ ಸೆಕ್ಯೂರಿಟಿಯವರು ಫ್ಲಾಟ್ ನಂಬರ್ ಕೇಳುತ್ತಾರಂತೆ.